ಹಳೆಯ ವಿಮಾನಕ್ಕೆ ಬೆಲೆ ಕಟ್ಟುವ ಬಗೆ

ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನ 1956ರಿಂದ ಈಚೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ನಮ್ಮ ದೇಶದ ಪೈಲಟ್ ತರಬೇತಿ ಶಾಲೆಗಳಲ್ಲೂ ಇದನ್ನು ಕಾಣಬಹುದು. ನಡುವೆ, 1986ರಿಂದ ಸುಮಾರು ಹತ್ತು ವರ್ಷ, ತಯಾರಿಕೆಯೇ ನಿಂತಿತ್ತು. ಹಾಗಾಗಿ ಅಮೆರಿಕದ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಐವತ್ತು ವರ್ಷ ದಾಟಿದ 172ಕ್ಕೂ ಗಿರಾಕಿ ಇದ್ದಾನೆ. ಆದರೆ ಆ ಗಿರಾಕಿ ಬಹಳ ಸಲ ಹಳೆಯ ಕಾರಿಗೆ ಮಾಡುವ ಚೌಕಾಸಿಯನ್ನೇ ಇಲ್ಲೂ ಮಾಡಲು ಹೋಗುತ್ತಾನೆ: ಫೋನಿನಲ್ಲೇ ಐದು ಸಾವಿರ ಡಾಲರ್ ಇಳಿಸಿಕೊಂಡು ಗೆದ್ದೆ ಅಂದುಕೊಳ್ಳುತ್ತಾನೆ.

ವಿಮಾನದ ಬೆಲೆ ಅಡಗಿರುವುದು ಇಂಜಿನ್ನಿನಲ್ಲಿ. 1968ರ ನಂತರದ ಬಹುಪಾಲು 172ಗಳಲ್ಲಿರುವುದು ಲೈಕಮಿಂಗ್ ಇಂಜಿನ್. ಇದನ್ನು ಸಾಮಾನ್ಯವಾಗಿ 2,000 ಗಂಟೆ ಹಾರಿದ ಮೇಲೆ, ಇಲ್ಲವೇ 12 ವರ್ಷಕ್ಕೊಮ್ಮೆ, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕೆಂದು ಕಂಪನಿ ಹೇಳುತ್ತದೆ. ಓವರ್‌ಹಾಲ್‌ಗೆ 40,000 ಡಾಲರ್ ಆಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ಒಂದೊಂದು ಗಂಟೆಯ ಹಾರಾಟವೂ ಇಂಜಿನ್ನಿನಿಂದ 20 ಡಾಲರ್ ತಿನ್ನುತ್ತದೆ. ಒಂದೇ ಬೆಲೆ ಹೇಳಿದ ಎರಡು ವಿಮಾನಗಳಲ್ಲಿ ಒಂದರ ಇಂಜಿನ್ 400 ಗಂಟೆ, ಇನ್ನೊಂದರದು 1,600 ಗಂಟೆ ಓಡಿದ್ದರೆ ಅವುಗಳ ನಡುವಿನ ಅಂತರ 24,000 ಡಾಲರ್. ಫೋನಿನಲ್ಲಿ ಇಳಿಸಿಕೊಂಡ ಐದು ಸಾವಿರ ಇದರ ಮುಂದೆ ಯಾವ ಲೆಕ್ಕ? ಹಳೆಯ ವಿಮಾನಗಳಲ್ಲಿ ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆಯೇ.

ಹಾಗೆಂದು ಗಂಟೆಯ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವುದು ಇನ್ನೂ ದೊಡ್ಡ ಅಪಾಯ. "ಓವರ್‌ಹಾಲ್ ಆದಮೇಲೆ ಬರೀ 300 ಗಂಟೆ" ಎಂಬ ಜಾಹೀರಾತು ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಎಷ್ಟು ವರ್ಷದಲ್ಲಿ? ಈ ಇಂಜಿನ್ನಿನ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಭಾಗದಲ್ಲಿ. ವಿಮಾನ ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ನಿಂತರೆ ಅದರ ಮೇಲಿನ ಎಣ್ಣೆಯೆಲ್ಲ ಕೆಳಗಿಳಿದು ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೆ ಹಾರಿಸತೊಡಗಿದಾಗ ಸವೆದ ಲೋಹದ ಚೂರುಗಳು ಆಯಿಲ್ ಫಿಲ್ಟರಿನಲ್ಲಿ ಸಿಗುತ್ತವೆ. ಹದಿನೈದು ವರ್ಷದಲ್ಲಿ 300 ಗಂಟೆ ಹಾರಿದ ವಿಮಾನಕ್ಕಿಂತ ವಾರವಾರವೂ ಹಾರುತ್ತ 1,200 ಗಂಟೆ ಮುಟ್ಟಿದ್ದು ಮೇಲು. ಲಾಗ್‌ಬುಕ್ಕಿನ ತಾರೀಖುಗಳನ್ನು ಸಾಲಾಗಿ ಓದಿದರೆ ಇದು ತಾನಾಗಿ ಹೊರಬೀಳುತ್ತದೆ. ಕೆಲವರು ಲಾಗ್‌ಬುಕ್ಕೇ ಕಳೆದುಹೋಗಿದೆ ಎನ್ನುತ್ತಾರೆ. ಅಂಥಲ್ಲಿ ಚೌಕಾಸಿಗಿಂತ ನಮಸ್ಕಾರ ಹೇಳಿ ಹೊರಡುವುದು ವಾಸಿ.

ಆದ್ದರಿಂದ ಬೆಲೆಯ ಮಾತು ನಡೆಯಬೇಕಾದದ್ದು ತಪಾಸಣೆಯ ನಂತರ. ಮುಂಗಡ ಕೊಡುವಾಗಲೇ, ದೋಷ ಸಿಕ್ಕರೆ ಹಣ ವಾಪಸ್ ಎಂದು ಬರೆಸಿಕೊಳ್ಳಬೇಕು. ವಿಮಾನದ ಮೇಲೆ ಸಾಲವೇನಾದರೂ ಇದೆಯೇ ಎಂಬುದನ್ನು ಒಕ್ಲಹೋಮಾ ಸಿಟಿಯಲ್ಲಿರುವ ಸರ್ಕಾರಿ ನೋಂದಣಿ ಕಚೇರಿಯ ದಾಖಲೆಯಲ್ಲಿ ನೋಡಿಸಬೇಕು. ತಪಾಸಣೆಗೆ ಮೆಕ್ಯಾನಿಕ್‌ನನ್ನು ಕೊಳ್ಳುವವನೇ ಗೊತ್ತುಮಾಡಿ ಕೂಲಿ ಕೊಡಬೇಕು. ಮಾರುವವನ ವಿಮಾನವನ್ನು ವರ್ಷವರ್ಷವೂ ನೋಡುತ್ತ ಬಂದವನು ತನ್ನ ಕೆಲಸದ ಮೇಲೆ ತಾನೇ ದೂರು ಹೇಳಲಾರ.

ಮಾರುವವನ ಕಡೆಗೂ ನ್ಯಾಯವಿದೆ. ಮಾಸಿದ ಬಣ್ಣ, ಹರಿದ ಸೀಟು ಜಾಹೀರಾತಿನ ಫೋಟೊದಲ್ಲೇ ಕಂಡಿದ್ದವು. ಅವನ್ನು ತೋರಿಸಿ ಕೊನೆಗಳಿಗೆಯಲ್ಲಿ ಬೆಲೆ ಇಳಿಸುವುದು ಸಣ್ಣತನ. ಮೊದಲು ಹೇಳಿರದ, ಹಾರಾಟಕ್ಕೇ ಅಡ್ಡಬರುವ ದೋಷಕ್ಕೆ ಮಾತ್ರ ಬೆಲೆ ಇಳಿಯಬೇಕು. ಆಗಲೂ "ನಾನೇ ರಿಪೇರಿ ಮಾಡಿಸಿ ಕೊಡುತ್ತೇನೆ" ಎಂಬ ಮಾತಿಗೆ ಒಪ್ಪುವುದಕ್ಕಿಂತ ಆ ಖರ್ಚನ್ನು ಬೆಲೆಯಲ್ಲಿ ಕಳೆಯುವುದು ಒಳ್ಳೆಯದು. ನಾಳೆ ವಿಮಾನ ಬಿಟ್ಟುಕೊಡುವವನು ಅಗ್ಗದ ರಿಪೇರಿಯನ್ನೇ ಹುಡುಕುತ್ತಾನೆ. ಅದರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರಬೇಕಾದವನು ಕೊಂಡವನು.