ಸ್ಪೀಕರ್ ತಗೊಳ್ಳುವಾಗ ಯಾರ ಮಾತು ನಂಬೋದು?

ಮೊನ್ನೆ ಸೊಸೈಟಿಯಲ್ಲಿ ಒಬ್ಬರು ಸಿಕ್ಕಿ, "ಅಣ್ಣ, ನಿಮ್ಮನೆ ಸ್ಪೀಕರ್ ಭಾರೀ ಚೆನ್ನಾಗಿದೆಯಂತೆ, ಯಾವ ಕಂಪನಿ? ನಾನೂ ಅದನ್ನೇ ತಗೊಳ್ತೀನಿ" ಅಂದರು. ನಾನು ಹೆಸರು ಹೇಳಲಿಲ್ಲ. ಬೇಜಾರು ಮಾಡಿಕೊಂಡರೋ ಏನೋ. ಯಾಕೆ ಹೇಳಲಿಲ್ಲ ಅಂತ ಇಲ್ಲಿ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

ನನಗೆ ಚಟ ಅಂತ ಇರೋದು ಇದೊಂದೇ. ರಾತ್ರಿ ಊಟ ಆದಮೇಲೆ ಕಾಳಿಂಗ ನಾವಡರ ಪದ್ಯ ಕೇಳಬೇಕು, ಇಲ್ಲಾ ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗ. ಮೂರು ವರ್ಷದ ಹಿಂದೆ ಅಡಿಕೆ ದುಡ್ಡಲ್ಲಿ 70 ಸಾವಿರ ಎತ್ತಿಟ್ಟು, ಸಾಯೋ ತನಕ ಸಾಕಾಗೋ ಹಾಗೆ ಒಂದು ಜೋಡಿ ಒಳ್ಳೇ ಸ್ಪೀಕರ್ ತರೋಣ ಅಂತ ಹೊರಟೆ. "ಆ ದುಡ್ಡಲ್ಲಿ ಬೋರಿನ ಪಂಪ್ ಬದಲಾಯಿಸಬಹುದಿತ್ತು" ಅಂದಳು ಮನೆಯವಳು. ಅವಳು ಹೇಳಿದ್ದೂ ಸುಳ್ಳಲ್ಲ. ಹಾಗಾಗಿ ತಪ್ಪು ಆಗಬಾರದು ಅಂತ ಮೂರು ಜನರನ್ನ ಕೇಳಿದೆ, ಆದರೂ ತಪ್ಪೇ ಆಯ್ತು.

ಮೊದಲನೆಯವರು ಅಂಗಡಿಯವರು. ಎರಡು ಜೋಡಿ ಹಾಕಿ ಕೇಳಿಸಿದರು. ಎರಡನೇದು ಎದೆಗೇ ತಾಗೋ ಹಾಗಿತ್ತು. ಆಮೇಲೆ ಗೊತ್ತಾಗಿದ್ದು ಏನು ಅಂದ್ರೆ, ಒಂದು ಕೂದಲೆಳೆಯಷ್ಟು ಸೌಂಡ್ ಜಾಸ್ತಿ ಇದ್ದರೂ ನಮ್ಮ ಕಿವಿ ಅದನ್ನ "ಜೋರು" ಅನ್ನೋದಿಲ್ಲ, "ಚೆನ್ನಾಗಿದೆ" ಅನ್ನುತ್ತೆ. ಎರಡೂ ಒಂದೇ ಮಟ್ಟಕ್ಕೆ ಇಟ್ಟು ಕೇಳಿಸಿ ಅಂತ ನಾನು ಹೇಳಬೇಕಿತ್ತು. ಮೇಲಾಗಿ ಅವರ ಅಂಗಡಿಯಲ್ಲಿ ನೆಲಕ್ಕೆ ಕಾರ್ಪೆಟ್ಟು, ಗೋಡೆಗೆ ದಪ್ಪ ಪರದೆ. ನಮ್ಮನೆಯಲ್ಲಿ ರೆಡ್ ಆಕ್ಸೈಡ್ ನೆಲ, ಖಾಲಿ ಗೋಡೆ.

ಎರಡನೆಯವರು ವಿಡಿಯೋದಲ್ಲಿ ವಿಮರ್ಶೆ ಮಾಡೋರು. ಆ ಸ್ಪೀಕರನ್ನ ಹೊಗಳಿದ್ದೇ ಹೊಗಳಿದ್ದು. ಅವರ ಹತ್ತು ವಿಡಿಯೋ ನೋಡಿದೆ, ಹತ್ತೂ ಸ್ಪೀಕರ್ ಚೆನ್ನಾಗಿದೆ ಅಂದಿದ್ದಾರೆ. ಹತ್ತು ಗೊಬ್ಬರಾನೂ ಒಳ್ಳೇದು ಅನ್ನೋರ ಹತ್ತಿರ ನಾವು ಗೊಬ್ಬರ ಕೇಳ್ತೀವಾ?

ಮೂರನೆಯವರು ಅದೇ ಸ್ಪೀಕರ್ ಇಟ್ಟುಕೊಂಡಿದ್ದ ಪರಿಚಯದವರು. ಇವರ ಮಾತನ್ನೇ ನಾನು ಜಾಸ್ತಿ ನಂಬಿದ್ದು. ಆದರೆ ಅಷ್ಟು ದುಡ್ಡು ಹಾಕಿದವರು ಯಾರು ತಾನೇ ಬಾಯಿಬಿಟ್ಟು "ಮೋಸ ಹೋದೆ" ಅಂತಾರೆ?

ಮನೆಗೆ ತಂದು ಹಾಕಿದರೆ ಮದ್ದಳೆ ಗುಂಯ್ ಅಂತ ಜಗುಲಿ ತುಂಬಾ ಉರುಳಾಡ್ತು. ಚಂಡೆ ಕಂಬಳಿ ಒಳಗಿಂದ ಹೊಡೆದ ಹಾಗೆ. ಮೂಲೆಯಿಂದ ಈಚೆ ಎಳೆದು ಇಟ್ಟ ಮೇಲೆ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಎಂಟು ತಿಂಗಳು ಕಳೆದು 35 ಸಾವಿರಕ್ಕೆ ಕೊಟ್ಟೆ. ಅರ್ಧಕ್ಕರ್ಧ ಹೋಯ್ತು. ಮನೆಯವಳು ಪಂಪಿನ ಮಾತು ಎತ್ತಲಿಲ್ಲ. ಎತ್ತಿದ್ದರೇ ಒಳ್ಳೇದಿತ್ತು.

ಆಮೇಲೆ ಮಗಳು ಒಂದು ವಿಷಯ ಓದಿ ಹೇಳಿದಳು. ಅಮೆರಿಕದ ಹರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಅಂತ ಇಬ್ಬರು 1994ರಲ್ಲಿ ಒಂದು ಪರೀಕ್ಷೆ ಮಾಡಿದರು. ಕೇಳೋಕೆ ಕೂತವರು 40 ಜನ, ಎಲ್ಲ ಆ ಕಂಪನಿಯವರೇ. ನಾಲ್ಕು ಸ್ಪೀಕರ್. ಒಂದು ಸಲ ಪರದೆ ಹಿಂದೆ ಇಟ್ಟು, ಇನ್ನೊಂದು ಸಲ ಎದುರಿಗೇ ಇಟ್ಟು ಮಾರ್ಕ್ಸ್ ಹಾಕಿಸಿದರು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಮಾರ್ಕ್ಸ್ ಏರಿತು, ಸಣ್ಣ ಅಗ್ಗದ್ದರ ಮಾರ್ಕ್ಸ್ ಇಳಿಯಿತು. ಕಸುಬಿನವರ ಕಿವಿಯೇ ಹಾಗಾದರೆ ನಮ್ಮದೇನು?

ಇದು ನಮಗೆ ಹೊಸದಲ್ಲ. ಅಡಿಕೆ ಟೆಂಡರಿನಲ್ಲಿ ಒಬ್ಬರು ಬರೆದ ರೇಟು ಇನ್ನೊಬ್ಬರಿಗೆ ಕಾಣಬಾರದು ಅಂತ ಇಟ್ಟಿರೋದು ಯಾಕೆ? ಕಂಡರೆ ಅಡಿಕೆ ನೋಡೋದು ಬಿಟ್ಟು ರೇಟು ನೋಡ್ತಾರೆ.

ಇನ್ನೊಂದು ಕಹಿ ಸತ್ಯ, ನನ್ನ ಕಿವಿದು. ಮೊಬೈಲಿನಲ್ಲಿ ಸಣ್ಣ ಶಿಳ್ಳೆಯಂಥ ಸ್ವರ ಏರಿಸ್ತಾ ಹೋದರೆ ಮಗಳಿಗೆ 15,000 ಹರ್ಟ್ಜ್ ದಾಟಿದರೂ ಕೇಳುತ್ತೆ, ನನಗೆ 10,000ಕ್ಕೇ ನಿಂತುಹೋಯ್ತು. ವಯಸ್ಸು ಒಂದು ಕಡೆ, ಕಿವಿಗೆ ಏನೂ ಇಟ್ಟುಕೊಳ್ಳದೆ ಹದಿನೈದು ವರ್ಷ ವೀಡ್ ಕಟರ್ ಹಿಡಿದಿದ್ದು ಇನ್ನೊಂದು ಕಡೆ. ಇಪ್ಪತ್ತೈದರ ಹುಡುಗ "ಮೇಲಿನ ಸ್ವರ ಎಷ್ಟು ನಾಜೂಕು" ಅಂದರೆ ಅದು ಅವನಿಗೆ ನಿಜ. ಆದರೆ ಅದಕ್ಕೆ ನಾನು ಯಾಕೆ 20 ಸಾವಿರ ಜಾಸ್ತಿ ಕೊಡಬೇಕು? ನಿಮಗೂ ಹೇಳ್ತೀನಿ, ಕಟರ್ ಹಿಡಿಯುವಾಗ ಕಿವಿಗೆ ಮಫ್ ಹಾಕಿ. ಸ್ಪೀಕರ್ ಹೋದರೆ ಇನ್ನೊಂದು ತರಬಹುದು.

ಹಾಗಾದರೆ ಯಾರನ್ನ ನಂಬೋದು? ನನ್ನ ಲೆಕ್ಕದಲ್ಲಿ ಇಬ್ಬರನ್ನ. ಒಬ್ಬರು ರಿಪೇರಿ ಮಾಡೋರು. ಯಾವುದು ವಾಪಸ್ ಬರುತ್ತೆ ಅಂತ ಅವರಿಗೆ ಗೊತ್ತು. ಕೋನಿನ ಅಂಚಿಗೆ ಫೋಮ್ ಇದ್ದರೆ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತೆ, ನಮ್ಮ ಮಳೆಗಾಲದ ಥಂಡಿಗೆ ಇನ್ನೂ ಬೇಗ, ರಬ್ಬರ್ ಅಂಚಿನದ್ದು ನೋಡಿ ಅಂತ ಹೇಳಿದ್ದು ಅವರೇ. ಅಪ್ಪನ ಸ್ಪೀಕರ್ ಹೋಗಿದ್ದೂ ಹಾಗೇ. ಇನ್ನೊಬ್ಬರು, ಆ ಸ್ಪೀಕರ್ ತಗೊಂಡು ಆಮೇಲೆ ಮಾರಿದವರು. ಯಾಕೆ ಮಾರಿದಿರಿ ಅಂತ ಕೇಳಿದರೆ ಒಳಗಿನ ವಿಷಯ ಹೊರಗೆ ಬರುತ್ತೆ.

ಈಗ ನಮ್ಮನೆಯಲ್ಲಿ ಇರೋದು 28 ಸಾವಿರದ ಸೆಕೆಂಡ್ ಹ್ಯಾಂಡ್. ಮಾರಿದವರು "ಇದರಲ್ಲಿ ಕೆಳಗಿನ ಸ್ವರ ಕಮ್ಮಿ, ನಮ್ಮ ಹಾಲಿಗೆ ಸಾಲಲ್ಲ" ಅಂತ ಮೊದಲೇ ಹೇಳಿದರು. ಗುಂಯ್ ಅನ್ನೋ ನಮ್ಮ ಜಗುಲಿಗೆ ಬೇಕಾಗಿದ್ದೇ ಅದು. ಒಂದು ವಾರ ಇಟ್ಟುಕೊಂಡು, ನಲವತ್ತು ವರ್ಷದಿಂದ ಕೇಳಿದ ಪದ್ಯಗಳನ್ನೇ ಕಣ್ಣು ಮುಚ್ಚಿ ಕೇಳಿ, ಆಮೇಲೆ ದುಡ್ಡು ಕೊಟ್ಟೆ.

ಅದಕ್ಕೇ ಹೆಸರು ಹೇಳಲಿಲ್ಲ. ಈಗ ನಾನೂ ದುಡ್ಡು ಹಾಕಿದವನೇ, ನನ್ನ ಬಾಯಲ್ಲಿ ಬರೋದು ಹೊಗಳಿಕೆಯೇ. ಆ ಸ್ನೇಹಿತರು ಬೇಕಾದರೆ ಯಾವತ್ತಾದರೂ ಸಂಜೆ ಮನೆಗೆ ಬರಲಿ, ತಮಗೆ ಇಷ್ಟದ ಹಾಡು ಮೊಬೈಲಲ್ಲಿ ತರಲಿ. ಸ್ಪೀಕರ್ ಮೇಲೆ ಪಂಚೆ ಮುಚ್ಚಿರ್ತೀನಿ. ಹಿಡಿಸಿದರೆ ಒಂದು ವಾರ ಅವರ ಮನೆಗೇ ಒಯ್ಯಲಿ.

ಯಾರಾದರೂ ತಗೊಂಡು ಮಾರಿದವರು ಇದ್ದರೆ, ಯಾಕೆ ಮಾರಿದ್ದು ಅಂತ ಕೆಳಗೆ ಬರೀರಿ.