ಕೊಟ್ಟದ್ದು ಮತ್ತು ಪಡೆದದ್ದು

ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದೆಂದರೆ ಎಡಬಲಗಳ ಪರಮಾಣುಗಳನ್ನು ಎಣಿಸಿ ಸಮಮಾಡುವುದು, ಅಷ್ಟೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಸುಣ್ಣಕಲ್ಲು ಬೆಂದು ಸುಟ್ಟಸುಣ್ಣವಾಗುವಂತಹ ಸರಳ ಕ್ರಿಯೆಗಳಿಗೆ ಈ ಎಣಿಕೆ ಸಾಕು. ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ನಡೆಯುವಲ್ಲಿಯಾದರೋ ಎಣಿಕೆ ಸರಿಬಂದರೂ ಸಮೀಕರಣ ಸುಳ್ಳಾಗಬಹುದು.

ಆಮ್ಲ ಬೆರೆಸಿದ ಪರ್ಮಾಂಗನೇಟಿನ ನೇರಳೆ ದ್ರಾವಣಕ್ಕೆ ಹೈಡ್ರೊಜನ್ ಪೆರಾಕ್ಸೈಡನ್ನು ಸೇರಿಸಿದರೆ ಬಣ್ಣ ಮಾಯವಾಗಿ ಆಕ್ಸಿಜನ್ನಿನ ಗುಳ್ಳೆಗಳೇಳುತ್ತವೆ. ಎರಡು ಪರ್ಮಾಂಗನೇಟ್ ಅಯಾನು, ಒಂದು ಪೆರಾಕ್ಸೈಡ್ ಅಣು, ಆರು ಹೈಡ್ರೊಜನ್ ಅಯಾನು ಎಡಗಡೆ; ಎರಡು ಮ್ಯಾಂಗನೀಸ್ ಅಯಾನು, ಮೂರು ಆಕ್ಸಿಜನ್ ಅಣು, ನಾಲ್ಕು ನೀರಿನ ಅಣು ಬಲಗಡೆ ಎಂದು ಊಹಿಸಿ ಬರೆದರೆ ಪರಮಾಣುಗಳೂ ಸಮ, ವಿದ್ಯುದಾವೇಶವೂ ಸಮ. ಆದರೂ ಅದು ತಪ್ಪು.

ಕ್ರಿಯೆಯನ್ನು ಎರಡು ಅರ್ಧಗಳಾಗಿ ಬಿಡಿಸಿದೊಡನೆ ತಪ್ಪು ಹೊರಬೀಳುತ್ತದೆ. ಪೆರಾಕ್ಸೈಡಿನ ಒಂದು ಅಣು ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ಆಕ್ಸಿಜನ್ನಿನ ಒಂದೇ ಅಣುವಾಗುತ್ತದೆ, ಇದು ಉತ್ಕರ್ಷಣ. ಪರ್ಮಾಂಗನೇಟಿನ ಒಂದೊಂದು ಅಯಾನೂ ಐದು ಎಲೆಕ್ಟ್ರಾನುಗಳನ್ನು ಪಡೆಯುತ್ತದೆ, ಅದರ ಆಕ್ಸಿಜನ್ನೆಲ್ಲ ನೀರಿಗೆ ಸಲ್ಲುತ್ತದೆ, ಇದು ಅಪಕರ್ಷಣ. ಎರಡು ಅಯಾನುಗಳಿಗೆ ಬೇಕಾದ ಹತ್ತು ಎಲೆಕ್ಟ್ರಾನುಗಳನ್ನು ಒಂದೇ ಒಂದು ಪೆರಾಕ್ಸೈಡ್ ಅಣು ಎಲ್ಲಿಂದ ತಂದೀತು? ಐದು ಅಣುಗಳೇ ಬೇಕು. ಆಗ ಆಕ್ಸಿಜನ್ ಅಣುಗಳು ಐದು, ನೀರಿನವು ಎಂಟು.

ಅರ್ಧಕ್ರಿಯೆಗಳು ಕೇವಲ ಕಾಗದದ ಮೇಲಿನ ಕಲ್ಪನೆಯೆಂದು ವಾದಿಸುವವರುಂಟು. 1836ರಲ್ಲಿ ಇಂಗ್ಲೆಂಡಿನ ಜಾನ್ ಫ್ರೆಡರಿಕ್ ಡೇನಿಯಲ್ ರಚಿಸಿದ ವಿದ್ಯುತ್ಕೋಶವೇ ಅವರಿಗೆ ಉತ್ತರ. ಅದರಲ್ಲಿ ಸತುವು ಒಂದೆಡೆ ಕರಗುತ್ತದೆ, ತಾಮ್ರವು ಇನ್ನೊಂದೆಡೆ ಲೋಹವಾಗಿ ಕೂಡುತ್ತದೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲೇ ಸಾಗಬೇಕು. ಎರಡು ಅರ್ಧಗಳೂ ಬೇರೆ ಬೇರೆ ಎಡೆಗಳಲ್ಲಿ ಕಣ್ಣೆದುರೇ ನಡೆಯುತ್ತವೆ. (ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ, ಕೋಶವು ಅದಕ್ಕಿಂತ 61 ವರ್ಷ ಹಿರಿದು!)

ಊಹೆಯ ಹಾದಿ ಹತ್ತಿರದ್ದು, ಪರೀಕ್ಷೆಯ ಹೊತ್ತಿನಲ್ಲಿ ಆಕರ್ಷಕವೂ ಹೌದು. ಆದರೂ ಶಾಲೆಗಳಲ್ಲಿ ಮೊದಲು ಕಲಿಸಬೇಕಾದುದು ಅರ್ಧಕ್ರಿಯೆಗಳನ್ನೇ. ಗಾಯ ತೊಳೆಯುವ ಪೆರಾಕ್ಸೈಡಿನ ಸಾರತೆಯನ್ನು ಅಳೆಯುವುದು ಇದೇ ಪರ್ಮಾಂಗನೇಟಿನಿಂದ. ಆಮ್ಲ ಬೆರೆಸಿದ ಪೆರಾಕ್ಸೈಡಿಗೆ ಅದನ್ನು ಹನಿಹನಿಯಾಗಿ ಬಿಡುತ್ತ, ನಸುಗೆಂಪು ಅಳಿಯದೆ ಉಳಿದಾಗ ನಿಲ್ಲಿಸಿ ಲೆಕ್ಕಹಾಕುತ್ತಾರೆ. ಆ ತಪ್ಪು ಸಮೀಕರಣವನ್ನು ನಂಬಿ ಲೆಕ್ಕಹಾಕಿದವನಿಗೆ ಸೀಸೆಯಲ್ಲಿರುವ ಪೆರಾಕ್ಸೈಡಿನ ಐದರಲ್ಲೊಂದು ಪಾಲು ಮಾತ್ರ ಕಾಣುತ್ತದೆ.