ಟೈರಿನ ಗಾಳಿಗೂ ಲೆಕ್ಕವಿರಲಿ

ಸಂಸ್ಥೆಯ ವಾಹನಕ್ಕೆ ಹಾಕಿಸುವ ಡೀಸೆಲ್ಲಿಗೆ ಲೆಕ್ಕವಿಡದ ವರ್ತಕರು ವಿರಳ. ಲೀಟರಿಗೆ ಎಷ್ಟು ಕಿಲೋಮೀಟರು ಬಂತು, ಬಿಲ್ಲು ಯಾವ ಬಂಕಿನದು ಎಂದು ಚಾಲಕನನ್ನು ವಿಚಾರಿಸುವವರೂ ಟೈರಿನಲ್ಲಿ ಗಾಳಿ ಎಷ್ಟಿದೆ ಎಂದು ಕೇಳುವುದು ಪಂಕ್ಚರ್ ಆದ ನಂತರವೇ. ಗಾಳಿಯ ಒತ್ತಡವನ್ನು ಸದಾ ಅಳೆದು ಚಾಲಕನ ಮುಂದೆ ತೋರಿಸುವ ಟಿಪಿಎಂಎಸ್ ಉಪಕರಣವನ್ನು ಈಗ ಹಳೆಯ ಕಾರಿಗೂ ಅಳವಡಿಸಿಕೊಳ್ಳಬಹುದಾಗಿದೆ. ಈ ವೆಚ್ಚ ಸಾರ್ಥಕವೇ ಎಂಬುದು ವಿಚಾರಾರ್ಹ.

ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಪ್ರಕರಣದ ಬೆನ್ನಲ್ಲೇ 2000ದಲ್ಲಿ ಬಂದ ಕಾಯಿದೆಯ ಫಲವಾಗಿ, 2007ರ ಸೆಪ್ಟೆಂಬರಿನಿಂದ ಹೊಸ ಲಘು ವಾಹನಗಳಿಗೆಲ್ಲ ಈ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ 2020ರ ಜುಲೈ ತಿಂಗಳ ನಿಯಮ ತಿದ್ದುಪಡಿಯು ಟ್ಯೂಬ್‌ಲೆಸ್ ಟೈರು, ದುರಸ್ತಿ ಕಿಟ್ ಮತ್ತು ಟಿಪಿಎಂಎಸ್ ಮೂರನ್ನೂ ಹೊಂದಿರುವ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿಯಿಂದ ವಿನಾಯಿತಿ ನೀಡಿತು. ಅಂಗಡಿಯಿಂದ ತಂದು ಅಳವಡಿಸಿದ ಮಾತ್ರಕ್ಕೆ ಮಾಲೀಕರು ಸ್ಟೆಪ್ನಿಯನ್ನು ಮನೆಯಲ್ಲಿ ಇಳಿಸಿ ಹೋಗುವುದು ಜಾಣತನವಲ್ಲ.

ಮಾರಾಟಗಾರರು ಮೊದಲು ಹೇಳುವುದು ಇಂಧನ ಉಳಿತಾಯದ ಮಾತು. ಅದನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ನಾಲ್ಕು ಟೈರುಗಳ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಇಂಧನ ಕ್ಷಮತೆ ಸುಮಾರು 0.2% ಕುಗ್ಗುವುದೆಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ವರ್ಷಕ್ಕೆ 15,000 ಕಿಲೋಮೀಟರು ಓಡಿ, ಲೀಟರಿಗೆ 15 ಕಿಲೋಮೀಟರು ಕೊಡುವ ಕಾರು 1,000 ಲೀಟರು ಕುಡಿಯುತ್ತದೆ. ವರ್ಷವಿಡೀ 5 ಪಿಎಸ್‌ಐ ಕಡಿಮೆ ಇದ್ದರೂ ನಷ್ಟ 10 ಲೀಟರು ಮಾತ್ರ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಸಾವಿರ ರೂಪಾಯಿ. ಅದಿಷ್ಟನ್ನೂ ತಿಂಗಳಿಗೆ ಎರಡು ಬಾರಿ ಬಂಕಿನಲ್ಲಿ ನಿಂತು ಉಳಿಸಬಹುದು, ಉಪಕರಣವೇ ಬೇಕೆಂದಿಲ್ಲ.

ನಿಜವಾದ ಲಾಭವಿರುವುದು ಬೇರೆಡೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ಒಮ್ಮೆಲೇ ಹೋಗದೆ ಮೆಲ್ಲನೆ ಸೋರುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಂತಹ ರಸ್ತೆಯಲ್ಲಿ ವೇಗವಾಗಿ ಸಾಗುವ ಚಾಲಕನಿಗೆ ಅದು ತಿಳಿಯುವ ಹೊತ್ತಿಗೆ ಟೈರಿನ ಪಕ್ಕದ ಗೋಡೆ ಮಡಿಚಿ ಕಾದು ಹಾಳಾಗಿರುತ್ತದೆ. ಆಗ ನೂರಾರು ರೂಪಾಯಿಯ ಪಂಕ್ಚರ್ ಸಾವಿರಾರು ರೂಪಾಯಿಯ ಹೊಸ ಟೈರಾಗುತ್ತದೆ. ಟೈರು ಸಿಡಿದರೆ ವಾಹನದಲ್ಲಿರುವವರ ಪ್ರಾಣಕ್ಕೇ ಸಂಚಕಾರ. ಸಾಮಾನ್ಯ ಸಮಗ್ರ ವಿಮೆಯಲ್ಲಿ ಟೈರಿಗೆ ಮಾತ್ರ ಹಾನಿಯಾದರೆ ಪರಿಹಾರವಿಲ್ಲ. ವಾಹನಕ್ಕೂ ಹಾನಿಯಾದಾಗ ಬದಲಿ ವೆಚ್ಚದ 50% ಮಿತಿ ಎಂಬ ಷರತ್ತನ್ನು ಬಹುಮಂದಿ ಓದುವುದು ಕ್ಲೇಮು ಹಾಕಿದ ಮೇಲೆ.

ಅಳವಡಿಕೆಯಲ್ಲಿ ಎರಡು ಬಗೆ. ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಹೊರ ಸೆನ್ಸರ್ ಅಗ್ಗ. ಬ್ಯಾಟರಿ ಬದಲಿಸುವುದೂ ಸುಲಭ. ಆದರೆ ಅದು ವಾಲ್ವಿನ ಪಿನ್ನನ್ನು ಸದಾ ಒತ್ತಿಕೊಂಡಿರುವುದರಿಂದ ಸರಿಯಾಗಿ ಕೂರದಿದ್ದರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಸಾಬೂನು ನೀರು ಹಚ್ಚಿ ಪರೀಕ್ಷಿಸುವುದು ಅವಶ್ಯ. ಬಿರುಕು ಬಿಟ್ಟ ಹಳೆಯ ರಬ್ಬರ್ ವಾಲ್ವಿನ ಮೇಲೆ ಇದನ್ನು ಹೇರಲೇಬಾರದು. ಒಳ ಸೆನ್ಸರಿಗೆ ಕಳ್ಳರ ಭಯವಿಲ್ಲ. ಆದರೆ ಟೈರು ಬಿಚ್ಚಬೇಕು, ಬ್ಯಾಲೆನ್ಸಿಂಗ್ ಮಾಡಿಸಬೇಕು. ಹೊಸ ಟೈರು ಹಾಕಿಸುವ ದಿನವೇ ಅದಕ್ಕೆ ತಕ್ಕ ಸಮಯ. ಸರಕು ಸಾಗಣೆ ವಾಹನಕ್ಕೆ ಕೊಳ್ಳುವವರು ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಲು ಮರೆಯಬಾರದು.

ಎಚ್ಚರಿಕೆಯ ಮಿತಿಯನ್ನು ವಾಹನ ತಯಾರಕರು ಸೂಚಿಸಿದ ತಣ್ಣನೆಯ ಒತ್ತಡದ ಆಧಾರದಲ್ಲಿ ನಿಗದಿಪಡಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಮೂರು ನಾಲ್ಕು ಪಿಎಸ್‌ಐ ಏರುವುದು ಸಹಜ. ಅದನ್ನು ಕಂಡು ಗಾಳಿ ಬಿಡುವ ಚಾಲಕರಿದ್ದಾರೆ. ಟೈರುಗಳ ಸ್ಥಾನ ಬದಲಿಸಿದಾಗ ಸೆನ್ಸರುಗಳ ಸ್ಥಾನವನ್ನೂ ಮರುಹೊಂದಿಸದಿದ್ದರೆ ಮುಂದಿನ ಚಕ್ರದ ತೊಂದರೆಯನ್ನು ಪರದೆ ಹಿಂದಿನದೆಂದು ತೋರಿಸೀತು.

ಇಷ್ಟೆಲ್ಲ ಮಾಡಿದರೂ ಉಪಕರಣ ಕೂಗಬಲ್ಲದೇ ಹೊರತು ವಾಹನ ನಿಲ್ಲಿಸಲಾರದು. ಸರಕು ತಡವಾದರೆ ಗದರುವ ಮಾಲೀಕರಿದ್ದಲ್ಲಿ ಚಾಲಕನು ಸದ್ದಡಗಿಸಿ ಮುಂದೆ ಸಾಗುವುದೇ ಹೆಚ್ಚು. ಎಚ್ಚರಿಕೆ ಬಂದೊಡನೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸುವ ಅಧಿಕಾರ ಅವನಿಗಿದೆಯೆಂದು ಮಾಲೀಕರು ಸ್ಪಷ್ಟವಾಗಿ ತಿಳಿಸಬೇಕು. ಗಾಳಿಗಾಗಿ ನಿಂತ ಸಮಯವನ್ನು ವಿಳಂಬದ ಖಾತೆಗೆ ಸೇರಿಸದಂತೆ ಟ್ರಿಪ್ ಶೀಟಿನಲ್ಲಿ ಬೇರೆ ಅಂಕಣ ತೆರೆಯಲು ಯಾವ ಖರ್ಚೂ ಇಲ್ಲ.